ಎಲ್ಲರೂ ಪೆನ್ನು ಕೆಳಗಿಡಿ!

ಮಕ್ಕಳೇ, ನಿಮ್ಮ ಮನೆಯವರು ಮೊಬೈಲಿನಲ್ಲಿ ರೈಲಿನ ಟಿಕೆಟ್ ಕಾಯ್ದಿರಿಸುವುದನ್ನು ನೀವು ನೋಡಿರಬಹುದು. ಹಗಲಿನಲ್ಲಿ ಯಾವ ಹೊತ್ತಿನಲ್ಲಿ ಬೇಕಾದರೂ ಆ ಕೆಲಸ ಮಾಡಬಹುದು. ಆದರೆ ರಾತ್ರಿ 11 ಗಂಟೆ 45 ನಿಮಿಷ ದಾಟಿದ ಮೇಲೆ ಪ್ರಯತ್ನಿಸಿದರೆ ಟಿಕೆಟ್ ಸಿಗುವುದಿಲ್ಲ. ಸಾಮಾನ್ಯವಾಗಿ 12 ಗಂಟೆ 20 ನಿಮಿಷದವರೆಗೆ ಸೇವೆ ಮುಚ್ಚಿರುತ್ತದೆ. ಕಂಪ್ಯೂಟರಿಗೆ ದಣಿವಾಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಹಾಗಾದರೆ ಈ ಅರ್ಧ ಗಂಟೆ ಬಾಗಿಲು ಮುಚ್ಚುವುದೇಕೆ?

ನಿಮ್ಮ ಊರಿನ ಅಂಗಡಿಯವರನ್ನು ಗಮನಿಸಿ. ರಾತ್ರಿ ಕೊನೆಯ ಗಿರಾಕಿ ಹೋದ ಮೇಲೆ ಅರ್ಧ ಬಾಗಿಲು ಎಳೆದು, ಒಳಗೆ ಕುಳಿತು ಅಂದಿನ ಲೆಕ್ಕ ಬರೆಯುತ್ತಾರೆ. ಗಿರಾಕಿಗಳು ಬರುತ್ತಲೇ ಇದ್ದರೆ ಲೆಕ್ಕ ಮುಗಿಯುವುದೇ ಇಲ್ಲ. ನೂರಾರು ಜನ ಒಟ್ಟಿಗೆ ಬಳಸುವ ಕಂಪ್ಯೂಟರಿಗೂ ಹೀಗೆ ಬಾಗಿಲು ಎಳೆದುಕೊಂಡು ಮಾಡಬೇಕಾದ ಕೆಲಸಗಳಿವೆ. ಅವುಗಳಲ್ಲಿ ಬಹಳ ಮುಖ್ಯವಾದದ್ದು ಮಾಹಿತಿಯ ನಕಲು ತೆಗೆದಿಡುವುದು. ಇದಕ್ಕೆ ಬ್ಯಾಕಪ್ ಎನ್ನುತ್ತಾರೆ. ನಕಲು ತೆಗೆಯುವುದು ಸುಲಭದ ಕೆಲಸ. ದೂರದಲ್ಲಿ ಕುಳಿತು ಬರೆಯುತ್ತಿರುವವರನ್ನು ಆ ಹೊತ್ತಿನಲ್ಲಿ ಏನು ಮಾಡುವುದು? ಕಷ್ಟವಿರುವುದು ಅಲ್ಲಿ.

ಪುಸ್ತಕ ಒಂದು, ಕಿಟಕಿಗಳು ಹಲವು

ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು ಶಿವಮೊಗ್ಗ, ಭದ್ರಾವತಿಗಳ ಮೂಲಕ ಸಾಗುತ್ತದೆ. ಅದರಲ್ಲಿ ಒಂದೇ ಒಂದು ಮಲಗುವ ಸ್ಥಳ ಉಳಿದಿದೆ ಎಂದುಕೊಳ್ಳಿ. ಶಿವಮೊಗ್ಗದಲ್ಲಿ ಒಬ್ಬರು, ಭದ್ರಾವತಿಯಲ್ಲಿ ಇನ್ನೊಬ್ಬರು ಒಂದೇ ಕ್ಷಣದಲ್ಲಿ ಅದನ್ನು ಕೇಳುತ್ತಾರೆ. ಇಬ್ಬರಿಗೂ ಅದೇ ಸ್ಥಳ ಸಿಕ್ಕಿಬಿಟ್ಟರೆ ರೈಲಿನಲ್ಲಿ ಜಗಳವೇ ಆದೀತು!

ಹಾಗಾಗುವುದಿಲ್ಲ. ಏಕೆಂದರೆ ಈ ಎರಡು ಊರುಗಳ ಕಂಪ್ಯೂಟರ್ ಪರದೆಗಳಲ್ಲಿ ಟಿಕೆಟಿನ ಲೆಕ್ಕ ಇರುವುದೇ ಇಲ್ಲ. ಲೆಕ್ಕದ ಪುಸ್ತಕ ಇರುವುದು ದೂರದ ಒಂದು ದೊಡ್ಡ ಕಂಪ್ಯೂಟರಿನಲ್ಲಿ. ಇಲ್ಲಿಯ ಪರದೆಗಳು ಆ ಪುಸ್ತಕವನ್ನು ನೋಡುವ ಕಿಟಕಿಗಳು ಮಾತ್ರ. ಯಾರ ಬೇಡಿಕೆ ಒಂದು ಚೂರು ಮೊದಲು ತಲುಪುತ್ತದೋ ಅವರಿಗಾಗಿ ಕಂಪ್ಯೂಟರ್ ಆ ಸಾಲಿಗೆ ಬೀಗ ಹಾಕುತ್ತದೆ. ಅವರ ಕೆಲಸ ಮುಗಿಯುವ ತನಕ ಇನ್ನೊಬ್ಬರು ಆ ಸಾಲಿನಲ್ಲಿ ಬರೆಯುವಂತಿಲ್ಲ. ಈ ಬೀಗದ ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ರೈಲು ಟಿಕೆಟುಗಳನ್ನು ಹೀಗೆ ಕಂಪ್ಯೂಟರಿನಿಂದ ಕಾಯ್ದಿರಿಸುವ ವ್ಯವಸ್ಥೆ 1980ರ ದಶಕದ ಮಧ್ಯಭಾಗದಲ್ಲಿ ದೆಹಲಿಯಲ್ಲಿ ಶುರುವಾಯಿತು. ಅದಕ್ಕೆ ಮೊದಲು ಗುಮಾಸ್ತರು ದಪ್ಪ ಪುಸ್ತಕಗಳಲ್ಲಿ ಕೈಯಿಂದ ಬರೆಯುತ್ತಿದ್ದರು. ಆಮೇಲೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಮತ್ತು ಸಿಕಂದರಾಬಾದ್‌ಗಳ ಐದು ಕೇಂದ್ರಗಳನ್ನು ಒಂದಕ್ಕೊಂದು ಜೋಡಿಸಲಾಯಿತು. 2002ರ ಆಗಸ್ಟಿನಲ್ಲಿ ಅಂತರಜಾಲದ ಮೂಲಕ ಟಿಕೆಟ್ ಕೊಡುವುದೂ ಆರಂಭವಾಯಿತು. ಆಗ ಕಿಟಕಿಗಳು ಮನೆಮನೆಗೂ ಬಂದವು.

ಮಧ್ಯಮ ಗಾತ್ರದ ಯಂತ್ರಗಳು

ರೈಲ್ವೆ ಇದಕ್ಕಾಗಿ ಮೊದಲು ಬಳಸಿದ್ದು ವ್ಯಾಕ್ಸ್ ಎಂಬ ಕಂಪ್ಯೂಟರುಗಳನ್ನು. ಇವು ಮೇಜಿನ ಮೇಲಿನ ಕಂಪ್ಯೂಟರಿಗಿಂತ ದೊಡ್ಡವು, ಇಡೀ ಕೋಣೆಯನ್ನೇ ಆಕ್ರಮಿಸುವ ಹಳೆಯ ದೈತ್ಯ ಕಂಪ್ಯೂಟರುಗಳಿಗಿಂತ ಚಿಕ್ಕವು. ಇಂಥವನ್ನು ಮಧ್ಯಮ ಗಾತ್ರದ ಕಂಪ್ಯೂಟರುಗಳು ಎನ್ನಬಹುದು. ಐಬಿಎಂ ಕಂಪನಿ 1988ರ ಜೂನ್ 21ರಂದು ಎಎಸ್/400 ಎಂಬ ಇಂಥದೇ ಇನ್ನೊಂದು ಯಂತ್ರವನ್ನು ಹೊರತಂದಿತು. ಕಾರ್ಖಾನೆ, ಬ್ಯಾಂಕು, ಮಂಡಿಗಳಂಥ ವ್ಯಾಪಾರದ ಸ್ಥಳಗಳಲ್ಲಿ ಲೆಕ್ಕಪತ್ರ ಇಡಲೆಂದೇ ಅದನ್ನು ರೂಪಿಸಿದ್ದರು. ಹೆಸರು ಹಲವು ಸಲ ಬದಲಾದರೂ ಆ ವಂಶದ ಯಂತ್ರಗಳು ಪ್ರಪಂಚದ ಅನೇಕ ಕಡೆ ಇಂದಿಗೂ ದುಡಿಯುತ್ತಿವೆ.

ಇಂಥ ಯಂತ್ರಕ್ಕೆ ದೂರದಿಂದ ಒಬ್ಬರು ತಮ್ಮ ಹೆಸರು ಮತ್ತು ಗುಪ್ತಪದ ಕೊಟ್ಟು ಒಳಗೆ ಬರುತ್ತಾರೆ, ಕೆಲಸ ಮಾಡುತ್ತಾರೆ, ಮುಗಿಸಿ ಹೊರಗೆ ಹೋಗುತ್ತಾರೆ. ಬಂದಾಗಿನಿಂದ ಹೋಗುವ ತನಕದ ಈ ಅವಧಿಗೆ ಸೆಷನ್ ಎಂದು ಹೆಸರು. ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ನೂರಾರು ಸೆಷನ್‌ಗಳು ನಡೆಯುತ್ತಿರಬಹುದು. ಯಂತ್ರದ ಹತ್ತಿರ ಕುಳಿತ ನಿರ್ವಾಹಕರಿಗೆ ಈ ಜನರ ಮುಖ ಕಾಣುವುದಿಲ್ಲ. ಪಟ್ಟಿಯಲ್ಲಿ ಅವರ ಹೆಸರುಗಳು ಮಾತ್ರ ಕಾಣುತ್ತವೆ.

ನಕಲು ಇಲ್ಲದಿದ್ದರೆ?

ನಿಮ್ಮ ಮನೆಯಲ್ಲಿ ಜಮೀನಿದ್ದರೆ ಪಹಣಿ ಎಂಬ ಮಾತನ್ನು ಕೇಳಿರುತ್ತೀರಿ. ಯಾವ ಜಮೀನು ಯಾರದು, ಎಷ್ಟು, ಅದರಲ್ಲಿ ಏನು ಬೆಳೆ ಎಂಬುದೆಲ್ಲ ಪಹಣಿಯಲ್ಲಿ ಇರುತ್ತದೆ. ಹಿಂದೆ ಗ್ರಾಮ ಲೆಕ್ಕಿಗರು ಇದನ್ನು ಕೈಬರಹದಲ್ಲಿ ಇಡುತ್ತಿದ್ದರು. 2000ನೇ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಲಾಯಿತು. ರೈತರು ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರಿನಿಂದ ಅಚ್ಚಾದ ಪಹಣಿಯನ್ನು ಪಡೆಯತೊಡಗಿದರು. ಇದು ಬೇರೆ ರಾಜ್ಯಗಳಿಗೂ ಮಾದರಿಯಾಯಿತು.

ಒಂದು ಹಳ್ಳಿಯ ಪುಸ್ತಕ ಮಳೆಯಲ್ಲಿ ನೆನೆದರೆ ಒಂದು ಹಳ್ಳಿಗೆ ತೊಂದರೆ. ಆದರೆ ಅನೇಕ ಹಳ್ಳಿಗಳ ಲೆಕ್ಕ ಇರುವ ಕಂಪ್ಯೂಟರಿನ ತಟ್ಟೆ ಕೆಟ್ಟರೆ? ಹಾರ್ಡ್ ಡಿಸ್ಕ್ ಎಂಬ ಆ ತಟ್ಟೆಗಳು ಎಷ್ಟೇ ಗಟ್ಟಿಯಾಗಿದ್ದರೂ ಒಂದು ದಿನ ಸವೆಯುತ್ತವೆ. ಸಿಡಿಲು, ಬೆಂಕಿ, ನೆರೆ, ಕಳ್ಳತನ, ಇಲ್ಲವೇ ಒಬ್ಬರ ಕೈತಪ್ಪು, ಯಾವುದರಿಂದಲೂ ಮಾಹಿತಿ ಅಳಿಯಬಹುದು. ಆದ್ದರಿಂದ ದಿನದಿನವೂ ಅದರ ನಕಲನ್ನು ಟೇಪಿನಲ್ಲೋ ಬೇರೆ ತಟ್ಟೆಯಲ್ಲೋ ತೆಗೆದಿಡುತ್ತಾರೆ.

ಇಲ್ಲದ ಅಡಿಕೆಗೆ ಹಣ!

ನಕಲು ತೆಗೆಯುವಾಗ ಜನ ಬರೆಯುತ್ತಲೇ ಇದ್ದರೆ ಏನಾಗುತ್ತದೆ? ಇದನ್ನು ತಿಳಿಯಲು ಒಂದು ಕಲ್ಪನೆಯ ಲೆಕ್ಕ ಮಾಡೋಣ. ಶಿವಮೊಗ್ಗ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರಲ್ಲವೇ? ಅಲ್ಲಿ ಅಡಿಕೆ ಕೊಳ್ಳುವ ಒಂದು ಸಂಘ ಇದೆ ಎಂದುಕೊಳ್ಳಿ. ಅದರ ದೊಡ್ಡ ಕಂಪ್ಯೂಟರ್ ಇರುವುದು ಶಿವಮೊಗ್ಗದಲ್ಲಿ. ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಅದರ ಶಾಖೆ. ಅಲ್ಲಿಯ ಗುಮಾಸ್ತರು ತಮ್ಮ ಪರದೆಯಿಂದಲೇ ಶಿವಮೊಗ್ಗದ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುತ್ತಾರೆ.

ಕಂಪ್ಯೂಟರಿನಲ್ಲಿ ಎರಡು ಕಡತಗಳಿವೆ. ಒಂದು ದಾಸ್ತಾನು ಕಡತ, ಅಂದರೆ ಗೋದಾಮಿನಲ್ಲಿ ಎಷ್ಟು ಅಡಿಕೆ ಇದೆ ಎಂಬ ಲೆಕ್ಕ. ಇನ್ನೊಂದು ಸದಸ್ಯರ ಖಾತೆ, ಅಂದರೆ ಯಾರಿಗೆ ಎಷ್ಟು ಹಣ ಸಲ್ಲಬೇಕು ಎಂಬ ಲೆಕ್ಕ.

ಸಂಜೆ 6 ಗಂಟೆಗೆ ಶಿವಮೊಗ್ಗದಲ್ಲಿ ಬ್ಯಾಕಪ್ ಶುರುವಾಯಿತು. 6 ಗಂಟೆ 5 ನಿಮಿಷಕ್ಕೆ ದಾಸ್ತಾನು ಕಡತದ ನಕಲು ಮುಗಿಯಿತು. 6 ಗಂಟೆ 7 ನಿಮಿಷಕ್ಕೆ ಭದ್ರಾವತಿಯಲ್ಲಿ ಒಬ್ಬ ರೈತರು 2 ಕ್ವಿಂಟಾಲ್ ಅಡಿಕೆ ತಂದರು. ಲೆಕ್ಕ ಸುಲಭವಾಗಲೆಂದು ಕ್ವಿಂಟಾಲಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಗುಮಾಸ್ತರು ದಾಸ್ತಾನಿಗೆ 2 ಕ್ವಿಂಟಾಲ್ ಸೇರಿಸಿದರು, ರೈತರ ಖಾತೆಗೆ 80,000 ರೂಪಾಯಿ ಜಮಾ ಮಾಡಿದರು. 6 ಗಂಟೆ 10 ನಿಮಿಷಕ್ಕೆ ಸದಸ್ಯರ ಖಾತೆಯ ನಕಲು ಮುಗಿಯಿತು.

ಈಗ ನಕಲನ್ನು ನೋಡಿ. ದಾಸ್ತಾನಿನಲ್ಲಿ ಆ ಅಡಿಕೆ ಇಲ್ಲ, ಏಕೆಂದರೆ ಅದನ್ನು ನಕಲು ಮಾಡಿದ್ದು ರೈತರು ಬರುವ ಮೊದಲು. ಖಾತೆಯಲ್ಲಿ ಹಣ ಇದೆ, ಏಕೆಂದರೆ ಅದನ್ನು ನಕಲು ಮಾಡಿದ್ದು ಅವರು ಬಂದ ಮೇಲೆ. ಅಂದರೆ ಇಲ್ಲದ ಅಡಿಕೆಗೆ ಸಂಘ ಹಣ ಕೊಟ್ಟಂತಾಯಿತು! ಕಡತಗಳ ಸರದಿ ಅದಲುಬದಲಾಗಿದ್ದರೆ ಇನ್ನೂ ಕಷ್ಟ. ಅಡಿಕೆ ಗೋದಾಮಿನಲ್ಲಿ ಇರುತ್ತದೆ, ರೈತರ ಖಾತೆಯಲ್ಲಿ ಮಾತ್ರ ಒಂದು ಪೈಸೆಯೂ ಇರುವುದಿಲ್ಲ. ವರ್ಷವಿಡೀ ದುಡಿದ ಬೆಳೆಯ ಹಣ ಅದು.

ಆ ದಿನ ಯಾರಿಗೂ ತಪ್ಪು ಕಾಣುವುದಿಲ್ಲ. ಏಕೆಂದರೆ ಮೂಲ ಪುಸ್ತಕ ಸರಿಯಾಗಿಯೇ ಇದೆ. ಮುಂದೆ ಒಂದು ದಿನ ಮೂಲ ಹಾಳಾಗಿ ನಕಲನ್ನು ತೆರೆದಾಗ ತಪ್ಪು ಹೊರಬೀಳುತ್ತದೆ. ಆಗ ಸರಿಪಡಿಸಲು ಮೂಲವೇ ಇರುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಎಎಸ್/400ನಂಥ ಯಂತ್ರಗಳಲ್ಲಿ ಯಾರೋ ಹಿಡಿದುಕೊಂಡಿರುವ, ಅಂದರೆ ಬೀಗ ಬಿದ್ದಿರುವ ಕಡತ ಸಿಕ್ಕಿದರೆ ಬ್ಯಾಕಪ್ ಕೆಲಸ ಸ್ವಲ್ಪ ಕಾಯುತ್ತದೆ. ಬೀಗ ತೆರೆಯದಿದ್ದರೆ ಆ ಕಡತವನ್ನು ಬಿಟ್ಟು ಮುಂದೆ ಹೋಗುತ್ತದೆ. ಕೊನೆಯಲ್ಲಿ ‘ಇಷ್ಟು ಕಡತಗಳ ನಕಲು ಆಗಿಲ್ಲ’ ಎಂಬ ಸಂದೇಶ ಕೊಡುತ್ತದೆ. ಅದನ್ನು ಓದದೆ ಟೇಪನ್ನು ಎತ್ತಿಟ್ಟರೆ ಮುಗಿಯಿತು. ಯೋಚಿಸಿ, ಯಾವಾಗಲೂ ಯಾರಾದರೂ ತೆರೆದಿಟ್ಟುಕೊಂಡಿರುವ ಕಡತ ಯಾವುದು? ಎಲ್ಲರಿಗೂ ಬೇಕಾದ, ಎಲ್ಲಕ್ಕಿಂತ ಮುಖ್ಯವಾದ ಕಡತ. ಬಿಟ್ಟುಹೋಗುವುದೂ ಅದೇ!

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ಬಟ್ಟಲು, 20 ಹುಣಸೆ ಬೀಜ, ಇಬ್ಬರು ಗೆಳೆಯರು.

ಒಂದೊಂದು ಬಟ್ಟಲಿಗೆ 10 ಬೀಜ ಹಾಕಿ. ಒಬ್ಬರು ಎಣಿಸುವವರು, ಇನ್ನೊಬ್ಬರು ಬೀಜ ಸಾಗಿಸುವವರು. ಎಣಿಸುವವರು ಮೊದಲ ಬಟ್ಟಲನ್ನು ಎಣಿಸಿ 10 ಎಂದು ಬರೆದುಕೊಳ್ಳಲಿ. ಆಗ ಸಾಗಿಸುವವರು ಎರಡನೆಯ ಬಟ್ಟಲಿನಿಂದ 3 ಬೀಜಗಳನ್ನು ಮೊದಲನೆಯದಕ್ಕೆ ಹಾಕಲಿ. ಈಗ ಎರಡನೆಯ ಬಟ್ಟಲನ್ನು ಎಣಿಸಿದರೆ 7. ಒಟ್ಟು 17!

ಬಟ್ಟಲುಗಳಿಗೆ ಮತ್ತೆ ಹತ್ತತ್ತು ಬೀಜ ಹಾಕಿ ಆಟ ಆಡಿ. ಈ ಸಲ ಮೊದಲ ಬಟ್ಟಲನ್ನು ಎಣಿಸಿದ ಮೇಲೆ ಅದರಿಂದ 3 ಬೀಜಗಳನ್ನು ಎರಡನೆಯದಕ್ಕೆ ಸಾಗಿಸಿ. ಒಟ್ಟು ಎಷ್ಟು ಬಂತು? 23!

ಒಂದು ಬೀಜವೂ ಕಳೆದಿಲ್ಲ, ಒಂದು ಬೀಜವೂ ಹುಟ್ಟಿಲ್ಲ. ಎಣಿಸಿದವರೂ ತಪ್ಪು ಎಣಿಸಿಲ್ಲ. ಆದರೂ ಲೆಕ್ಕ ತಪ್ಪಿತು. ಮೂರನೆಯ ಸಲ ಎಣಿಸುವ ಮೊದಲು ‘ಕೈ ಎತ್ತು’ ಎಂದು ಹೇಳಿ. ಎಣಿಕೆ ಮುಗಿಯುವವರೆಗೆ ಗೆಳೆಯರ ಕೈ ಮೇಲೆಯೇ ಇರಲಿ. ಈಗ ಸರಿಯಾಗಿ 20 ಬರುತ್ತದೆ.

ಮೊದಲು ಹೇಳಬೇಕು, ಆಮೇಲೆ ಮುಚ್ಚಬೇಕು

ಕಂಪ್ಯೂಟರಿನಲ್ಲೂ ‘ಕೈ ಎತ್ತು’ ಎನ್ನಬೇಕು. ಆದರೆ ಬರೆಯುತ್ತಿರುವವರು ಎದುರಿಗಿಲ್ಲ, ಭದ್ರಾವತಿಯಲ್ಲಿದ್ದಾರೆ. ನಮ್ಮ ಕಲ್ಪನೆಯ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬ ಅಕ್ಕ ಇದ್ದಾರೆ ಎಂದುಕೊಳ್ಳೋಣ. ಅವರು ಸರಿಯಾಗಿ ಕೆಲಸ ಮಾಡಿದರೆ ಹೀಗೆ ಮಾಡುತ್ತಾರೆ.

ಮೊದಲನೆಯದು, ಮುನ್ಸೂಚನೆ. ‘ಇಂದು ಸಂಜೆ 7ಕ್ಕೆ ಕಂಪ್ಯೂಟರ್ ಮುಚ್ಚುತ್ತದೆ’ ಎಂದು ಬೆಳಿಗ್ಗೆಯೇ ತಿಳಿಸುತ್ತಾರೆ. ದಿನವೂ ಒಂದೇ ಹೊತ್ತಿಗೆ ಮುಚ್ಚಿದರೆ ಇನ್ನೂ ಒಳ್ಳೆಯದು. ಶಾಲೆಯ ಗಂಟೆಯಂತೆ ಎಲ್ಲರಿಗೂ ಅಭ್ಯಾಸವಾಗುತ್ತದೆ.

ಎರಡನೆಯದು, ಪರದೆಗೆ ಸಂದೇಶ. 6 ಗಂಟೆ 30 ನಿಮಿಷಕ್ಕೆ ಎಲ್ಲ ಪರದೆಗಳ ಮೇಲೂ ಒಂದು ಸಾಲು ಮೂಡುವಂತೆ ಮಾಡುತ್ತಾರೆ: ‘ಕೈಯಲ್ಲಿರುವ ಕೆಲಸ ಮುಗಿಸಿ, ದಯವಿಟ್ಟು ಹೊರಗೆ ಬನ್ನಿ.’ ಯಾವ ಕೆಲಸದ ನಡುವೆಯೇ ಇದ್ದರೂ ಈ ಸಂದೇಶ ಕಣ್ಣಿಗೆ ಬೀಳುತ್ತದೆ.

ಮೂರನೆಯದು, ಹೊಸಬರಿಗೆ ಬಾಗಿಲು ಹಾಕುವುದು. 6 ಗಂಟೆ 45 ನಿಮಿಷದ ನಂತರ ಯಾರೂ ಹೊಸದಾಗಿ ಒಳಗೆ ಬರುವಂತಿಲ್ಲ. ಒಳಗಿರುವವರು ಮಾತ್ರ ಕೆಲಸ ಮುಗಿಸಬಹುದು. ಈ ಹೆಜ್ಜೆಯನ್ನು ಮರೆತರೆ ಒಬ್ಬರು ಹೊರಗೆ ಹೋಗುವಷ್ಟರಲ್ಲಿ ಇಬ್ಬರು ಒಳಗೆ ಬಂದಿರುತ್ತಾರೆ.

ನಾಲ್ಕನೆಯದು, ಪಟ್ಟಿ ನೋಡುವುದು. ಇನ್ನೂ ಯಾರ ಸೆಷನ್ ಉಳಿದಿದೆ? ಅವರು ಬರೆಯುತ್ತಿದ್ದಾರೆಯೇ, ಸುಮ್ಮನೆ ಪರದೆ ತೆರೆದಿಟ್ಟಿದ್ದಾರೆಯೇ? ಯಾವ ಕಡತಕ್ಕೆ ಬೀಗ ಹಾಕಿದ್ದಾರೆ? ಇವೆಲ್ಲ ಪಟ್ಟಿಯಲ್ಲಿ ತಿಳಿಯುತ್ತವೆ. ಬೇಕಾದರೆ ಅಕ್ಕ ಭದ್ರಾವತಿಗೆ ಫೋನ್ ಮಾಡಿ ಕೇಳುತ್ತಾರೆ.

ಐದನೆಯದು, ಸೆಷನ್‌ಗಳನ್ನು ಮುಗಿಸುವುದು. ಇದಕ್ಕೆ ಎರಡು ದಾರಿಗಳಿವೆ. ‘ಇಷ್ಟು ಹೊತ್ತು ಕೊಡುತ್ತೇನೆ, ಅಷ್ಟರಲ್ಲಿ ಮುಗಿಸು’ ಎಂದು ಹೇಳಿ ಕಾಯುವುದು ಒಂದು. ‘ಈಗಲೇ ನಿಲ್ಲು’ ಎಂದು ಕತ್ತರಿಸುವುದು ಇನ್ನೊಂದು. ತಿಳಿದವರು ಮೊದಲ ದಾರಿಯನ್ನೇ ಹಿಡಿಯುತ್ತಾರೆ.

ಆರನೆಯದು, ನಕಲು ತೆಗೆಯುವುದು. ಏಳನೆಯದು, ‘ಎಲ್ಲ ಕಡತಗಳೂ ಆದವೇ?’ ಎಂದು ಸಂದೇಶ ಓದುವುದು. ಕೊನೆಯದು, ಬಾಗಿಲು ತೆರೆಯುವುದು. ಇದನ್ನು ಮರೆತರೆ ಮರುದಿನ ಬೆಳಿಗ್ಗೆ ರೈತರು ಸಾಲಿನಲ್ಲಿ ನಿಂತಿರುತ್ತಾರೆ, ಗುಮಾಸ್ತರ ಪರದೆ ಖಾಲಿ ಇರುತ್ತದೆ!

ಎದ್ದು ಹೋದವರ ಕುರ್ಚಿ

ಒಂದು ಕಷ್ಟದ ಪ್ರಶ್ನೆ. 7 ಗಂಟೆಗೆ ಪಟ್ಟಿಯಲ್ಲಿ ಒಂದು ಹೆಸರು ಹಾಗೆಯೇ ಉಳಿದಿದೆ. ಸಂದೇಶಕ್ಕೆ ಉತ್ತರವಿಲ್ಲ, ಫೋನ್ ಎತ್ತುವವರಿಲ್ಲ. ಏನಾಗಿರಬಹುದು?

ಆ ಗುಮಾಸ್ತರು ಹೊರಗೆ ಬರುವುದನ್ನು ಮರೆತು ಮನೆಗೆ ಹೋಗಿರಬಹುದು. ಇಲ್ಲವೇ ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದಿರಬಹುದು. ತಂತಿ ಕಡಿದ ಮಾತ್ರಕ್ಕೆ ಶಿವಮೊಗ್ಗದಲ್ಲಿರುವ ಅವರ ಸೆಷನ್ ಕೂಡಲೇ ಮುಗಿಯಬೇಕೆಂದಿಲ್ಲ. ಮನುಷ್ಯ ಎದ್ದು ಹೋಗಿದ್ದಾರೆ, ಕುರ್ಚಿಯ ಮೇಲೆ ಅವರ ಚೀಲ ಉಳಿದಿದೆ. ಅವರು ಹಾಕಿದ ಬೀಗವೂ ಹಾಗೆಯೇ ಇದೆ.

ಕಾಯುತ್ತಾ ಕುಳಿತರೆ ಅಂದಿನ ನಕಲು ಆಗುವುದಿಲ್ಲ. ಕತ್ತರಿಸಿದರೆ ಅವರ ಅರ್ಧ ಬರೆದ ಲೆಕ್ಕ ಏನಾಗುತ್ತದೆ? ದಾಸ್ತಾನಿಗೆ ಅಡಿಕೆ ಸೇರಿಸಿ, ಖಾತೆಗೆ ಹಣ ಬರೆಯುವ ಮೊದಲೇ ಸೆಷನ್ ಕಡಿದುಹೋದರೆ?

ಇದಕ್ಕೆ ಕಂಪ್ಯೂಟರ್ ವಿಜ್ಞಾನಿಗಳು ಒಂದು ಜಾಣ ಉಪಾಯ ಮಾಡಿದ್ದಾರೆ. ಒಂದಕ್ಕೊಂದು ಸೇರಿದ ಬರಹಗಳನ್ನು ಒಂದು ಗಂಟಾಗಿ ಕಟ್ಟುತ್ತಾರೆ. ಗಂಟಿನೊಳಗಿನ ಎಲ್ಲವೂ ಆದರೆ ಮಾತ್ರ ಲೆಕ್ಕ ನಿಲ್ಲುತ್ತದೆ. ಮಧ್ಯದಲ್ಲಿ ಕಡಿದುಹೋದರೆ ಕಂಪ್ಯೂಟರ್ ತಾನೇ ಹಿಂದಕ್ಕೆ ಹೋಗಿ ಅರ್ಧ ಬರೆದದ್ದನ್ನು ಅಳಿಸಿಬಿಡುತ್ತದೆ. ಆಗಬೇಕಾದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಎಂಬುದೇ ನಿಯಮ. ಗುಮಾಸ್ತರು ಮರುದಿನ ಆ ಒಂದು ಲೆಕ್ಕವನ್ನು ಮೊದಲಿನಿಂದ ಬರೆದರೆ ಸಾಕು.

ಈ ವ್ಯವಸ್ಥೆ ಇರುವ ಕಡೆ ಅಕ್ಕ ಧೈರ್ಯವಾಗಿ ಸೆಷನ್ ಮುಗಿಸಬಹುದು. ಇಲ್ಲದ ಕಡೆ ಕತ್ತರಿಸುವ ಮೊದಲು ಹತ್ತು ಸಲ ಯೋಚಿಸಬೇಕು. ಎಷ್ಟೋ ಹೊತ್ತು ಯಾರೂ ಏನೂ ಒತ್ತದಿದ್ದರೆ ಸೆಷನ್ ತಾನಾಗಿಯೇ ಮುಗಿಯುವಂತೆ ಮೊದಲೇ ಗಡುವು ಇಡುವುದೂ ಉಂಟು.

ಅಕ್ಕ ಇನ್ನೊಂದು ಎಚ್ಚರ ವಹಿಸಬೇಕು. ‘ಎಲ್ಲ ಸೆಷನ್ ಮುಗಿಸು’ ಎಂದು ಅವರು ಮನೆಯಿಂದಲೇ, ದೂರದ ಪರದೆಯಿಂದ ಆಜ್ಞೆ ಕೊಟ್ಟರೆ ಏನಾಗುತ್ತದೆ? ಅವರ ಸೆಷನ್ನೂ ಮುಗಿದುಹೋಗುತ್ತದೆ! ಕುಳಿತ ಕೊಂಬೆಯನ್ನೇ ಕಡಿದ ಕಥೆಯಾಯಿತು. ಎಎಸ್/400ನಲ್ಲಿ ಎಲ್ಲವನ್ನೂ ನಿಲ್ಲಿಸಿದಾಗ ಯಂತ್ರದ ಮುಖ್ಯ ಪರದೆ ಒಂದೇ ಎಚ್ಚರವಾಗಿರುತ್ತದೆ. ಆದ್ದರಿಂದ ಆ ಕೆಲಸವನ್ನು ಮುಖ್ಯ ಪರದೆಯಿಂದ ಮಾಡಬೇಕು, ಇಲ್ಲವೇ ಮುಂದಿನ ಹೆಜ್ಜೆಗಳು ತಾವಾಗಿಯೇ ನಡೆಯುವಂತೆ ಮೊದಲೇ ಬರೆದಿಟ್ಟಿರಬೇಕು.

ನಿಲ್ಲಿಸಲಾಗದ ಕೆಲಸ

ಎಲ್ಲ ಕೆಲಸವನ್ನೂ ಸಂಜೆ ನಿಲ್ಲಿಸಲು ಆಗುತ್ತದೆಯೇ? ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಬಗ್ಗೆ ಕೇಳಿದ್ದೀರಲ್ಲ? 1923ರಲ್ಲಿ ಅಲ್ಲಿ ಕಬ್ಬಿಣ ತಯಾರಾಗತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಪಡೆದ ಕಾರ್ಖಾನೆ ಅದು. ಕಬ್ಬಿಣದ ಅದಿರು ಕರಗಿಸುವ ಊದುಕುಲುಮೆಯನ್ನು ದೀಪದಂತೆ ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಲು ಬರುವುದಿಲ್ಲ. ಒಮ್ಮೆ ಹೊತ್ತಿದ ಮೇಲೆ ಹಗಲೂ ರಾತ್ರಿ ಉರಿಯುತ್ತಿರಬೇಕು. ಅಂಥ ಕುಲುಮೆ ಉರಿಯುವ ಕಡೆ ಕೆಲಸ ನಿಲ್ಲುವುದಿಲ್ಲ, ಪಾಳಿ ಬದಲಾಗುತ್ತದೆ.

ಆಸ್ಪತ್ರೆ, ವಿಮಾನ ನಿಲ್ದಾಣಗಳ ಕಂಪ್ಯೂಟರುಗಳೂ ಹೀಗೆಯೇ. ಅಲ್ಲಿ ಎಲ್ಲರನ್ನೂ ಗಂಟೆಗಟ್ಟಲೆ ಹೊರಗೆ ಕಳಿಸಲಾಗದು. ಅಂಥ ಕಡೆ ಅವರನ್ನು ಒಂದು ಕ್ಷಣ ಮಾತ್ರ ಪೆನ್ನು ಎತ್ತಿ ಹಿಡಿಯುವಂತೆ ಮಾಡುತ್ತಾರೆ. ಎಲ್ಲರ ಗಂಟುಗಳೂ ಪೂರ್ಣವಾದ ಆ ಕ್ಷಣದಲ್ಲಿ ಕಂಪ್ಯೂಟರ್ ಒಂದು ಗೆರೆ ಎಳೆಯುತ್ತದೆ. ಕೂಡಲೇ ಜನ ಮತ್ತೆ ಬರೆಯಬಹುದು. ಆದರೆ ಇನ್ನೂ ನಕಲಾಗದ ಪುಟವನ್ನು ಯಾರಾದರೂ ತಿದ್ದಲು ಬಂದರೆ, ಕಂಪ್ಯೂಟರ್ ಮೊದಲು ಹಳೆಯ ಪುಟವನ್ನು ಪಕ್ಕಕ್ಕೆ ಎತ್ತಿಡುತ್ತದೆ. ನಕಲಿಗೆ ಹೋಗುವುದು ಗೆರೆ ಎಳೆದ ಕ್ಷಣದಲ್ಲಿದ್ದ ಆ ಹಳೆಯ ಪುಟ. ನಕಲು ಮುಗಿಯಲು ಎರಡು ಗಂಟೆ ಹಿಡಿದರೂ ಅದರಲ್ಲಿ ಕಾಣುವುದು ಒಂದೇ ಕ್ಷಣದ ಚಿತ್ರ.

ಗೆರೆ ಎಳೆದ ನಂತರದ ಲೆಕ್ಕ ಕಳೆದುಹೋದರೆ? ಅದಕ್ಕೂ ದಾರಿ ಇದೆ, ನಮ್ಮ ಅಜ್ಜಂದಿರಿಗೂ ತಿಳಿದಿದ್ದ ದಾರಿ. ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ದಿನದ ವ್ಯವಹಾರವನ್ನು ನಡೆದ ಸರದಿಯಲ್ಲಿಯೇ ಬರೆಯುವ ಕಿರ್ದಿ ಒಂದು. ಒಬ್ಬೊಬ್ಬರ ಲೆಕ್ಕವನ್ನು ಬೇರೆ ಬೇರೆ ಇಡುವ ಖಾತೆ ಪುಸ್ತಕ ಇನ್ನೊಂದು. ಖಾತೆ ಹಾಳಾದರೆ ಕಿರ್ದಿ ನೋಡಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರ್ ಕೂಡ ಪ್ರತಿಯೊಂದು ಬದಲಾವಣೆಯನ್ನೂ ಒಂದು ಕಿರ್ದಿಯಲ್ಲಿ ಬರೆದಿಡಬಲ್ಲದು. ನಿನ್ನೆಯ ನಕಲಿನ ಮೇಲೆ ಇಂದಿನ ಕಿರ್ದಿಯನ್ನು ಸಾಲುಸಾಲಾಗಿ ಓದಿಸಿದರೆ ಇಂದಿನ ಲೆಕ್ಕ ಮರಳಿ ಬರುತ್ತದೆ.

ರೈಲ್ವೆ ಮಾಡಿದ ದೊಡ್ಡ ಕೆಲಸ

ಕೆಲವೊಮ್ಮೆ ಅರ್ಧ ಗಂಟೆ ಸಾಲುವುದಿಲ್ಲ. ಕೋವಿಡ್ ಸಮಯದಲ್ಲಿ ರೈಲುಗಳು ವಿಶೇಷ ರೈಲುಗಳಾಗಿ ಬೇರೆ ಸಂಖ್ಯೆಗಳಲ್ಲಿ ಓಡುತ್ತಿದ್ದವು. 2021ರ ನವೆಂಬರಿನಲ್ಲಿ ಅವುಗಳಿಗೆ ಹಳೆಯ ಸಂಖ್ಯೆಗಳನ್ನು ಮರಳಿ ಕೊಡಬೇಕಾಯಿತು. ಆಗಲೇ ಮಾರಾಟವಾದ ಟಿಕೆಟುಗಳನ್ನೂ ಸೇರಿಸಿ ಅಪಾರ ಮಾಹಿತಿಯನ್ನು ಬದಲಾಯಿಸಬೇಕಿತ್ತು. ಅದಕ್ಕಾಗಿ ನವೆಂಬರ್ 14ರ ರಾತ್ರಿಯಿಂದ 7 ರಾತ್ರಿಗಳ ಕಾಲ, 11 ಗಂಟೆ 30 ನಿಮಿಷದಿಂದ ಬೆಳಗಿನ 5 ಗಂಟೆ 30 ನಿಮಿಷದವರೆಗೆ ಟಿಕೆಟ್ ವ್ಯವಸ್ಥೆಯನ್ನು ನಿಲ್ಲಿಸಲು ರೈಲ್ವೆ ತೀರ್ಮಾನಿಸಿತು.

ಅವರು ಹೇಗೆ ಸಿದ್ಧರಾದರು ನೋಡಿ. ಜನರಿಗೆ ಮೊದಲೇ ಪ್ರಕಟಣೆ ಕೊಟ್ಟರು. ಟಿಕೆಟ್ ಕೊಳ್ಳುವವರು ಕಡಿಮೆ ಇರುವ ರಾತ್ರಿ ಹೊತ್ತನ್ನು ಆರಿಸಿಕೊಂಡರು. ಎಲ್ಲವನ್ನೂ ಒಂದೇ ಸಲ ಮಾಡದೆ ಏಳು ರಾತ್ರಿಗಳಿಗೆ ಹಂಚಿದರು. ಮುಚ್ಚಿದ ಹೊತ್ತಿನಲ್ಲಿ ಹೊರಡುವ ರೈಲುಗಳ ಪ್ರಯಾಣಿಕರ ಪಟ್ಟಿಯನ್ನು ಮುಂಚೆಯೇ ಸಿದ್ಧಪಡಿಸುವಂತೆ ಸಿಬ್ಬಂದಿಗೆ ಹೇಳಿದರು. ದೂರವಾಣಿಯ ವಿಚಾರಣೆಯನ್ನು ಮಾತ್ರ ಮುಚ್ಚಲಿಲ್ಲ. ನಮ್ಮ ಕಲ್ಪನೆಯ ಅಕ್ಕ ಚಿಕ್ಕ ಸಂಘದಲ್ಲಿ ಮಾಡಿದ್ದನ್ನೇ ಇವರು ಇಡೀ ದೇಶದ ಮಟ್ಟದಲ್ಲಿ ಮಾಡಿದರು, ಅಲ್ಲವೇ?

ಎರಡು ನದಿಗಳ ಪಾಠ

ನಕಲು ಸಿದ್ಧವಾಯಿತು. ಅದನ್ನು ಎಲ್ಲಿಡಬೇಕು? ಅದೇ ಕೋಣೆಯಲ್ಲಿಟ್ಟರೆ ಬೆಂಕಿ ಬಿದ್ದಾಗ ಮೂಲದ ಜೊತೆ ನಕಲೂ ಸುಡುತ್ತದೆ. ಶಿವಮೊಗ್ಗ ತುಂಗೆಯ ದಡದಲ್ಲಿದೆ, ಭದ್ರಾವತಿ ಭದ್ರೆಯ ದಡದಲ್ಲಿದೆ. ಶಿವಮೊಗ್ಗದ ನಕಲನ್ನು ಭದ್ರಾವತಿಯಲ್ಲಿಟ್ಟರೆ ಸಾಕೇ? ಒಂದೇ ಕೋಣೆಗಿಂತ ಎಷ್ಟೋ ಮೇಲು. ಆದರೆ ಎರಡೂ ನದಿಗಳು ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಘಟ್ಟದ ಮೇಲೆ ದೊಡ್ಡ ಮಳೆಯಾದರೆ ಎರಡೂ ಒಟ್ಟಿಗೆ ಉಕ್ಕಬಹುದು. ಆದ್ದರಿಂದ ಇನ್ನೂ ದೂರದ, ಬೇರೆ ಹವೆಯ ಊರಿನಲ್ಲಿ ಮತ್ತೊಂದು ನಕಲು ಇದ್ದರೆ ಒಳ್ಳೆಯದು.

ಕೊನೆಯ ಮಾತು. ನಕಲು ಇದೆ ಎಂದ ಮಾತ್ರಕ್ಕೆ ನಂಬಬಾರದು. ಆಗಾಗ ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ತೆರೆದು, ಅಡಿಕೆಯ ಲೆಕ್ಕ ಹಣದ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಹೀಗೆ ಪರೀಕ್ಷಿಸಿದ ನಕಲು ಮಾತ್ರ ಕಷ್ಟಕಾಲಕ್ಕೆ ಆದೀತು.

ಇನ್ನು ಮುಂದೆ ‘ಈಗ ಸೇವೆ ಲಭ್ಯವಿಲ್ಲ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ ಎಂಬ ಸಾಲು ಕಂಡಾಗ ಬೇಸರ ಮಾಡಿಕೊಳ್ಳಬೇಡಿ. ದೂರದ ಯಾವುದೋ ಕೋಣೆಯಲ್ಲಿ ಒಬ್ಬರು ಎದ್ದು ಕುಳಿತು, ನಮ್ಮೆಲ್ಲರ ಲೆಕ್ಕ ಸರಿಯಾಗಿ ಉಳಿಯಲೆಂದು ಬಾಗಿಲು ಎಳೆದುಕೊಂಡು ಕೆಲಸ ಮಾಡುತ್ತಿರಬಹುದು. ನೀವೂ ಶಾಲೆಯ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ, ಬರೆದದ್ದನ್ನು ಉಳಿಸಿ ಸರಿಯಾಗಿ ಹೊರಗೆ ಬನ್ನಿ. ಕುರ್ಚಿಯ ಮೇಲೆ ಚೀಲ ಬಿಟ್ಟು ಹೋಗಬೇಡಿ!

ಪದ ಪರಿಚಯ

ಬ್ಯಾಕಪ್: ಮೂಲ ಹಾಳಾದರೆ ಬಳಸಲೆಂದು ತೆಗೆದಿಡುವ ಮಾಹಿತಿಯ ನಕಲು.
ಸೆಷನ್: ಬಳಕೆದಾರರು ಕಂಪ್ಯೂಟರಿನ ಒಳಗೆ ಬಂದಾಗಿನಿಂದ ಹೊರಗೆ ಹೋಗುವವರೆಗಿನ ಅವಧಿ.
ಬೀಗ: ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಅಲ್ಲಿಯೇ ಬರೆಯದಂತೆ ಕಂಪ್ಯೂಟರ್ ಒಡ್ಡುವ ತಡೆ.
ಕಿರ್ದಿ: ವ್ಯವಹಾರಗಳನ್ನು ನಡೆದ ಸರದಿಯಲ್ಲಿ ಬರೆದಿಡುವ ದಿನವಹಿ ಪುಸ್ತಕ.

ಯೋಚಿಸಿ, ಉತ್ತರಿಸಿ

1. ಹುಣಸೆ ಬೀಜದ ಆಟದಲ್ಲಿ, ಸಾಗಿಸುವವರು ತಾವು ಯಾವಾಗ ಎಷ್ಟು ಬೀಜ ಸಾಗಿಸಿದೆವು ಎಂದು ಒಂದು ಕಿರ್ದಿಯಲ್ಲಿ ಬರೆದಿದ್ದರೆ, 17 ಎಂಬ ತಪ್ಪು ಮೊತ್ತವನ್ನು ಹೇಗೆ ಸರಿಪಡಿಸುತ್ತೀರಿ?
2. ಬ್ಯಾಕಪ್‌ಗೆ ಮೊದಲು ಹೊಸಬರಿಗೆ ಬಾಗಿಲು ಹಾಕದೆ, ಒಳಗಿದ್ದವರಿಗೆ ಮಾತ್ರ ಸಂದೇಶ ಕಳಿಸಿದರೆ ಏನಾಗುತ್ತದೆ?
3. ನಿಮ್ಮ ಶಾಲೆಯ ಹಾಜರಿ ಪುಸ್ತಕ ಕಳೆದುಹೋದರೆ ಅದರಲ್ಲಿದ್ದ ಮಾಹಿತಿ ಬೇರೆ ಎಲ್ಲಿಯಾದರೂ ಸಿಗುತ್ತದೆಯೇ? ನಿಮ್ಮ ಶಿಕ್ಷಕರನ್ನು ಕೇಳಿ ತಿಳಿಯಿರಿ.